ದಿನಕ್ಕೆ ಮೂರು ಚೌಕ

ಜನವರಿ ೮, ಸೋಮವಾರ

ಒಪ್ಪಿಗೆ ಪತ್ರ ಹನ್ನೆರಡು ಪುಟ, ತಪ್ಪು ಹತ್ತೊಂಬತ್ತು. ಐದನೆಯ ಪುಟದಲ್ಲಿ ‘ನಿಮ್ಮ ಮೂಲೆಗಳ ಗಟ್ಟಿತನವನ್ನು ಅಳೆಯಲಾಗುವುದು’ ಎಂದಿದೆ. ಮನೆಯ ನಾಲ್ಕು ಮೂಲೆಗಳಲ್ಲಿ ಯಾವುದನ್ನು ಅಳೆಯುತ್ತೀರಿ ಎಂದು ಕೇಳಿದೆ. ಹಾಳೆ ಹಿಡಿದು ನಿಂತಿದ್ದ ಸಿಸ್ಟರ್ ನಗಲಿಲ್ಲ. ಪೆನ್ನು ಚಾಚಿ, "ತಿದ್ದಿಕೊಡಿ ಮೇಡಂ, ಮುಂದಿನವರಿಗೆ ಉಪಯೋಗ ಆಗುತ್ತೆ" ಎಂದಳು. ಮೂವತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ನನಗೆ ಇಷ್ಟು ಮರ್ಯಾದೆಯಿಂದ ಯಾರೂ ಪೆನ್ನು ಕೊಟ್ಟದ್ದಿಲ್ಲ.

ವಿಷಯ ಇಷ್ಟು. ಕಿಡ್ನಿ ಕೈಕೊಟ್ಟವರಲ್ಲಿ, ಅಂದರೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂರುವ ನಮ್ಮಂಥವರಲ್ಲಿ, ಊಟದೊಳಗಿನ ರಂಜಕ (ಫಾಸ್ಫರಸ್) ರಕ್ತದಲ್ಲೇ ಉಳಿಯುತ್ತದೆ. ಅದು ಉಳಿದಷ್ಟೂ ಕುತ್ತಿಗೆಯೊಳಗಿನ ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳು ಕೆರಳುತ್ತವೆ, ಮೂಳೆಯಿಂದ ಸುಣ್ಣ ಕೀಳುತ್ತವೆ. ಊಟದ ನಡುವೆ ಒಂದು ಮಾತ್ರೆ ಜಗಿದರೆ ಅದು ರಂಜಕವನ್ನು ಹೊಟ್ಟೆಯಲ್ಲೇ ಹಿಡಿದುಹಾಕುತ್ತದೆ. ಮೂಳೆಗೆ ಹಳೆಯ ಮಾತ್ರೆ ಒಳ್ಳೆಯದೋ ಹೊಸದೋ ಎನ್ನುವುದೇ ಸಂಶೋಧನೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ನನಗೆ ತಿಳಿದ ಹಾಗೆ ‘ಗೊತ್ತಿಲ್ಲ’ ಎಂದು ಬರವಣಿಗೆಯಲ್ಲಿ ಒಪ್ಪಿಕೊಂಡ ಮೊದಲ ಕಚೇರಿ ಇದು. ಅದಕ್ಕೇ ಸಹಿ ಹಾಕಿದೆ.

ತೊಂಬತ್ತು ಮಾತ್ರೆಯ ಬಾಟಲಿ ಕೊಟ್ಟರು, ಒಂದು ಹಾಳೆ ಕೊಟ್ಟರು. ಇಪ್ಪತ್ತೆಂಟು ದಿನ, ದಿನಕ್ಕೆ ಮೂರು ಚೌಕ. ತಿಂದರೆ ಗುರುತು, ಮರೆತರೆ ಅಡ್ಡಗೆರೆ. ತಿಂಗಳ ಕೊನೆಗೆ ಬಾಟಲಿ ಮರಳಿಸಬೇಕು, ಉಳಿದದ್ದನ್ನು ಎಣಿಸುತ್ತಾರೆ. ಹಾಳೆಗೆ ತಾಳೆಯಾಗದಿದ್ದರೆ ಪ್ರಶ್ನೆ ಚೀಟಿ ಕಳಿಸುತ್ತಾರೆ.

ಬಸ್ ನಿಲ್ದಾಣದ ಬೆಂಚು ಮುರಿದ ಬಗ್ಗೆ ಪತ್ರಿಕೆಗೆ ಪತ್ರ ಬರೆದೆ. ಈ ವರ್ಷದ ಮೂರನೆಯದು, ವರ್ಷಕ್ಕಿನ್ನೂ ಎಂಟು ದಿನ.

ಜನವರಿ ೧೦, ಬುಧವಾರ

ಪಕ್ಕದ ಕುರ್ಚಿಗೆ ಹೊಸಬರು ಬಂದಿದ್ದಾರೆ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರಂತೆ. ಆಳು ಬಾಗಿಲಿನಷ್ಟಿದ್ದಾರೆ, ಕುರ್ಚಿ ಅವರ ಕೆಳಗೆ ಮಕ್ಕಳ ಆಟಿಕೆಯ ಹಾಗೆ ಕಾಣುತ್ತದೆ. ವಾರ್ಡಿನವರೆಲ್ಲ ಒಂದೇ ದಿನದಲ್ಲಿ ಕ್ರೇನಪ್ಪ ಎಂದು ಹೆಸರಿಟ್ಟಿದ್ದಾರೆ. ಅವರೂ ಸೋಮವಾರವೇ ಸಂಶೋಧನೆಗೆ ಸೇರಿದ್ದಾರೆ.

"ಏನಕ್ಕಾ, ಬಂದಾಗಿನಿಂದ ಪೇಪರಿನ ಮೇಲೆ ಕೆಂಪು ಪೆನ್ನಾಡಿಸ್ತಾ ಇದ್ದೀರಿ. ಅದು ನಿಮ್ಮ ಪೇಪರಾ?"

"ಕಾಸು ಕೊಟ್ಟು ಕೊಂಡದ್ದು. ತಪ್ಪಿದ್ದರೆ ತಿದ್ದುತ್ತೇನೆ."

"ತಿದ್ದಿ ಯಾರಿಗೆ ಕೊಡ್ತೀರಿ?"

"ಸಂಪಾದಕರಿಗೆ ಅಂಚೆಯಲ್ಲಿ ಕಳಿಸ್ತೇನೆ."

ಅವರು ಬಹಳ ಹೊತ್ತು ನಕ್ಕರು. ಸೂಜಿ ಚುಚ್ಚಿದ ಕೈ ಅಲುಗಾಡಿ ಯಂತ್ರ ಕೂಗಿಕೊಂಡಿತು. ಮೊನ್ನೆ ಪೆನ್ನು ಕೊಟ್ಟ ಸಿಸ್ಟರೇ ಓಡಿಬಂದಳು. ಅವಳ ಕೈಯಲ್ಲಿ ಯಾವಾಗಲೂ ಹಾಳೆಗಳಿರುತ್ತವೆಂದು ಕ್ರೇನಪ್ಪ ಅವಳಿಗೆ ಪಟ್ಟಿ ಸಿಸ್ಟರ್ ಎಂದು ಹೆಸರಿಟ್ಟರು.

ಇಬ್ಬರಿಗೂ ಸೇತುವೆಯ ವಿಷಯ ಹೇಳಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಹೊಳೆಯ ಸೇತುವೆ ಕುಸಿದು ಹನ್ನೊಂದು ಜನ ಹೋದಾಗ ವಿಚಾರಣೆಯ ವರದಿ ನಮ್ಮ ಅಚ್ಚುಕೂಟಕ್ಕೆ ಬಂತು. ಪರಿಶೀಲನೆಯ ಪುಸ್ತಕವನ್ನು ಅದರ ಹಿಂದೆ ಹಾಗೆಯೇ ಛಾಪಿಸಿದ್ದರು. ತಿಂಗಳುಗಟ್ಟಲೆ ಸಹಿ, ಎಲ್ಲವೂ ಸರಿಯಿದೆ, ಸರಿಯಿದೆ. ಆ ಇಂಜಿನಿಯರ್ ಜೂನ್ ಮೂವತ್ತೊಂದರಂದೂ ಸೇತುವೆ ಪರಿಶೀಲಿಸಿದ್ದ! ಅದನ್ನು ಕಂಡುಹಿಡಿದದ್ದು ಮೂರು ಜನರ ಸಮಿತಿಯಲ್ಲ, ಕರಡು ತಿದ್ದುತ್ತಿದ್ದ ನಾನು. ಮನೆಯಲ್ಲಿ ಕೂತು ಒಂದೇ ಪಟ್ಟಿಗೆ ಎಲ್ಲ ತುಂಬಿಸಿದ್ದ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಪಟ್ಟಿ ಸಿಸ್ಟರ್ ಕೇಳಿ, "ನಿಮ್ಮಂಥವರು ನಮ್ಮಲ್ಲಿರೋದು ಪುಣ್ಯ ಮೇಡಂ" ಎಂದಳು.

ಫೆಬ್ರವರಿ ೫, ಸೋಮವಾರ

ನನಗೆ ಪ್ರಶ್ನೆ ಚೀಟಿ ಬಂತು. ನನಗೆ! ಹಾಳೆಯಲ್ಲಿ ಎಂಬತ್ತನಾಲ್ಕು ಗುರುತು, ಬಾಟಲಿಯಲ್ಲಿ ಆರರ ಬದಲು ಒಂಬತ್ತು. ಮೂರು ಹೊತ್ತು ಮರೆತಿದ್ದೇನೆ ಎಂದಾಯಿತು. ಯಾವ ಮೂರು ಹೊತ್ತು ಎಂದು ಯಾರಿಗೆ ಗೊತ್ತು? ಹದಿನಾರು, ಇಪ್ಪತ್ತೆರಡು, ಇಪ್ಪತ್ತೊಂಬತ್ತು ಎಂದು ಮೂರು ಚೌಕಗಳಲ್ಲಿ ಗುರುತು ಅಳಿಸಿ ಅಡ್ಡಗೆರೆ ಎಳೆದೆ. ತಾಳೆಯಾಯಿತು. ಚೀಟಿ ವಾಪಸು ಹೋಯಿತು.

ಪಕ್ಕದವರ ಹಾಳೆ ನೋಡಿದೆ. ಮೊದಲ ವಾರ ಗುರುತುಗಳಿವೆ, ಆಮೇಲೆ ಖಾಲಿ, ಕೆಳಗೆ ಒಂದು ಕ್ರೇನಿನ ಚಿತ್ರ.

"ಇದೇನಿದು?"

"ಹೊತ್ತು ಹೋಗ್ಲಿಲ್ಲ, ಬರೆದೆ. ಚೆನ್ನಾಗಿಲ್ವಾ?"

"ಮಾತ್ರೆ ತಿಂದ್ರೋ ಇಲ್ವೋ?"

"ಬಾಟ್ಲಿ ಎಣಿಸಿ ನೋಡಿ. ನಾನು ಸುಳ್ಳು ಹೇಳಿದ್ರೂ ಬಾಟ್ಲಿ ಹೇಳುತ್ತಾ?"

ಎಣಿಸಿದೆ. ಸರಿಯಾಗಿ ಆರು. ತಿಂದ ಮನುಷ್ಯ ಬರೆಯಲು ಸೋಮಾರಿತನ ಮಾಡಿದ್ದಾನೆ, ಅಷ್ಟೆ. ಹೊಸ ಹಾಳೆ ಕೇಳಿ ತೆಗೆದುಕೊಂಡು, ಪಟ್ಟಿ ಸಿಸ್ಟರ್ ಬರುವುದರೊಳಗೆ ಎಂಬತ್ತನಾಲ್ಕು ಚೌಕಗಳನ್ನೂ ಅಂದವಾಗಿ ತುಂಬಿಕೊಟ್ಟೆ. ಅವರು ಕೆಳಗೆ ಸಹಿ ಹಾಕಿದರು. ಅವರಿಗೆ ಚೀಟಿ ಬರಲಿಲ್ಲ.

ಫೆಬ್ರವರಿ ೯, ಶುಕ್ರವಾರ

ಬಾಗಿಲ ಬಳಿಯ ಕುರ್ಚಿಯ ಗಡಿಯಾರ ರಿಪೇರಿಯವರು ತಮ್ಮ ಹಾಳೆ ಕಳಿಸಿದ್ದಾರೆ. ಅವರ ಹಿಂದೆಯೇ ಹೊಲಿಗೆ ಟೀಚರ್. ವಾರ್ಡಿನಲ್ಲಿ ನನಗೊಂದು ಕಚೇರಿಯೇ ಆಯಿತು. ಕ್ರೇನಪ್ಪ ಜವಾನ.

"ಮುಂದಿನವರು ಬನ್ನಿ! ಸಾಲಾಗಿ ಬನ್ನಿ! ಅಕ್ಕನವರು ಇವತ್ತು ಸಿಟ್ಟಿನಲ್ಲಿಲ್ಲ!"

ಮಾರ್ಚ್ ೪, ಸೋಮವಾರ

ಏಳು ಹಾಳೆ. ಒಂದಕ್ಕೂ ಪ್ರಶ್ನೆ ಚೀಟಿ ಇಲ್ಲ. ಮನಸ್ಸಿಗೆ ಹಳೆಯ ದಿನಗಳ ನೆಮ್ಮದಿ: ತಪ್ಪಿಲ್ಲದ ಪುಟವನ್ನು ಅಚ್ಚಿಗೆ ಕಳಿಸಿದ ಸಂಜೆಯ ಹಾಗೆ.

ಮೆಟ್ಟಿಲ ತಿರುವಿನಲ್ಲಿ ಅಗಲ ಎಲೆಯ ಗಿಡವೊಂದರ ಕುಂಡವಿದೆ. ಲಿಫ್ಟ್ ಕೆಟ್ಟಿತ್ತು, ಉಸಿರು ತೆಗೆದುಕೊಳ್ಳಲು ಅಲ್ಲಿ ನಿಂತೆ. ಮಣ್ಣಿನ ಮೇಲೆಲ್ಲ ಬಿಳಿ ಬಿಳಿ. ನಮ್ಮ ಮಾತ್ರೆಗಳೇ. ಕೆಲವು ನೀರಿಗೆ ಕರಗಿ ಸುಣ್ಣದ ನೀರಿನಂತಾಗಿವೆ, ಕೆಲವು ಇನ್ನೂ ಗುಂಡಗಿವೆ.

ಕ್ರೇನಪ್ಪನನ್ನು ಕೇಳಿದೆ. ಮುಚ್ಚಿಡಲಿಲ್ಲ.

"ಅದನ್ನ ತಿಂದ್ರೆ ಹೊಟ್ಟೆಗೆ ಸಿಮೆಂಟ್ ಹಾಕಿದ ಹಾಗಾಗುತ್ತೆ ಅಕ್ಕಾ. ಐದು ದಿನ ಕಕ್ಕಸಿಲ್ಲ. ನೀವೇ ಹೇಳಿ, ಮನುಷ್ಯ ಬದುಕೋದು ಹೇಗೆ? ಬಾಟ್ಲಿ ಕೊಡೋ ದಿನ ಆರು ಬಿಟ್ಟು ಮಿಕ್ಕಿದ್ದನ್ನ ಗಿಡಕ್ಕೆ ಹಾಕ್ತೀನಿ. ಆ ಗಿಡದ ಮೂಳೆ ಈಗ ಎಷ್ಟು ಗಟ್ಟಿಯಾಗಿರ್ಬೇಕು!"

ನಗು ಬಂದುಬಿಟ್ಟಿತು. ನಗಬಾರದಿತ್ತು.

ಮಾರ್ಚ್ ೬, ಬುಧವಾರ

ಎರಡು ದಿನ ಯೋಚಿಸಿದೆ. ಕರಡು ತಿದ್ದುವವರು ಮೂಲಪ್ರತಿಗೆ ನಿಷ್ಠರಾಗಿರಬೇಕು. ಮೂಲಪ್ರತಿಯಲ್ಲಿ ಲೇಖಕ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದು ಬರೆದಿದ್ದರೆ ಅದು ಲೇಖಕನ ಹಣೆಬರಹ. ನಮ್ಮ ಕೆಲಸ ಅಕ್ಷರ ತಾಳೆ ನೋಡುವುದು. ಇಲ್ಲಿ ಮೂಲಪ್ರತಿ ಎಂದರೆ ಬಾಟಲಿ. ಬಾಟಲಿಗೂ ಹಾಳೆಗೂ ತಾಳೆಯಾದರೆ ನನ್ನ ಜವಾಬ್ದಾರಿ ಮುಗಿಯಿತು. ಬಾಟಲಿಯನ್ನು ಕುಂಡಕ್ಕೆ ಸುರಿದದ್ದು ನಾನಲ್ಲ.

ತಂಗಿಗೆ ಹೇಳಿದೆ. ನನ್ನ ಜೊತೆಗೇ ಇರುವ ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ. "ನಾನೂ ಗಿರಾಕಿಗೆ ಖುಷಿಯಾಗ್ಲಿ ಅಂತ ಟೇಪು ಎಳೆದು ಸೊಂಟ ಎರಡಿಂಚು ಕಡಿಮೆ ಬರ್ಕೋಬಹುದು ಅಕ್ಕ. ಬಟ್ಟೆ ಹಾಕ್ಕೊಂಡ ದಿನ ಗೊತ್ತಾಗುತ್ತೆ."

ತಂಗಿಗೆ ಎಲ್ಲವೂ ಬಟ್ಟೆಯೇ.

ದೊಡ್ಡ ಡಾಕ್ಟರು ಇಂದು ವಾರ್ಡಿನಲ್ಲಿ ಎಲ್ಲರ ಎದುರು ಹೇಳಿದರು: ಸಂಶೋಧನೆ ನಡೆಯುತ್ತಿರುವ ಹದಿನಾಲ್ಕು ಆಸ್ಪತ್ರೆಗಳಲ್ಲಿ ನಮ್ಮ ಹಾಳೆಗಳೇ ಅಚ್ಚುಕಟ್ಟಂತೆ. ಕ್ರೇನಪ್ಪ ನನ್ನ ಕಡೆ ನೋಡಿ ಟೊಪ್ಪಿ ತೆಗೆದಂತೆ ಮಾಡಿದರು.

ಏಪ್ರಿಲ್ ೨೪, ಬುಧವಾರ

ಕ್ರೇನಪ್ಪ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಬಿದ್ದದ್ದಲ್ಲ, ಪೆಟ್ಟಾದದ್ದಲ್ಲ. ಬಚ್ಚಲಿನಲ್ಲಿ ತುಂಬಿದ ಬಕೆಟ್ ಎತ್ತಿದರಂತೆ, ಮಣಿಕಟ್ಟು ಒಣಕಡ್ಡಿಯಂತೆ ಮುರಿಯಿತಂತೆ.

"ನಲವತ್ತು ಟನ್ ಎತ್ತಿದ ಕೈ ಇದು," ಎಂದರು. "ಒಂದು ಬಕೆಟ್ ಅಕ್ಕಾ. ಅದೂ ಪ್ಲಾಸ್ಟಿಕ್‌ದು."

ಎಡಗೈ ಯಂತ್ರಕ್ಕೆ, ಬಲಗೈ ಪ್ಲಾಸ್ಟರಿಗೆ. ಕೂತಷ್ಟು ಹೊತ್ತೂ ಅವರಿಗೆ ಕೈಯೇ ಇಲ್ಲ. ಮೂಗು ತುರಿಸಿದರೂ ಸಿಸ್ಟರನ್ನು ಕೂಗಬೇಕು.

ಮೇ ೩, ಶುಕ್ರವಾರ

ಕುರ್ಚಿಗಳ ನಡುವೆ ಇರುವುದು ಬಟ್ಟೆಯ ಪರದೆ. ಅದು ಕಣ್ಣಿಗೆ ಮಾತ್ರ ಅಡ್ಡ. ದೊಡ್ಡ ಡಾಕ್ಟರು ಕ್ರೇನಪ್ಪನಿಗೂ ಅವರ ಮಗಳಿಗೂ ಹೇಳಿದ್ದೆಲ್ಲ ನನಗೂ ಹೇಳಿದಂತೆಯೇ ಆಯಿತು.

ಗ್ರಂಥಿಯ ಹಾರ್ಮೋನು ಆರುನೂರು ದಾಟಬಾರದು, ಇವರದು ಸಾವಿರದ ನೂರ ನಲವತ್ತು. "ನಾಲ್ಕು ತಿಂಗಳಿಂದ ಒಂದು ಮಾತ್ರೆ ತಪ್ಪಿಸಿಲ್ಲ ನೀವು, ಹಾಳೆ ನೋಡಿದ್ದೀನಿ. ಹಾಗಿದ್ದೂ ಹೀಗೆ ಏರ್ತಾ ಇದೆ ಅಂದ್ರೆ ಗ್ರಂಥಿ ಔಷಧಿಯ ಮಾತು ಕೇಳೋ ಹಂತ ದಾಟಿದೆ. ಕುತ್ತಿಗೆ ಕೊಯ್ದು ತೆಗೀಬೇಕು." ಮೇ ಇಪ್ಪತ್ತಕ್ಕೆ ದಿನ ಗೊತ್ತು ಮಾಡಿದ್ದಾರೆ.

ಮಗಳು ಬೇಕರಿಯಲ್ಲಿ ಕೆಲಸ ಮಾಡುವವಳು, ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. "ಅಪ್ಪನ ಹೃದಯ ಅರ್ಧಕ್ಕರ್ಧ ಕೆಲಸ ಮಾಡ್ತಿದೆ ಅಂದಿದ್ರಲ್ಲ ಸಾರ್, ಅರಿವಳಿಕೆ ತಡ್ಕೊಳ್ತಾರಾ?" ಎಂದಳು.

ಡಾಕ್ಟರು ನಿಧಾನವಾಗಿ ಹೇಳಿದರು: ಅಪಾಯ ಇಲ್ಲವೆನ್ನುವುದಿಲ್ಲ. ಅದನ್ನು ದಾಟಿದರೂ ಮುಂದೆ ಇನ್ನೊಂದಿದೆ. ಗ್ರಂಥಿ ತೆಗೆದ ಮರುಗಳಿಗೆಯಿಂದ ವರ್ಷಗಟ್ಟಲೆ ಹಸಿದಿದ್ದ ಮೂಳೆಗಳು ರಕ್ತದಲ್ಲಿರುವ ಸುಣ್ಣವನ್ನೆಲ್ಲ ಎಳೆದುಕೊಳ್ಳಲು ಶುರು ಮಾಡುತ್ತವೆ. ಕೈಕಾಲು ಸೆಳೆತ ಬರುತ್ತದೆ. ಹೃದಯದ ಲಯ ತಪ್ಪಬಹುದು. ವಾರಗಟ್ಟಲೆ ಈಗಿನ ಎರಡರಷ್ಟು ಸುಣ್ಣದ ಮಾತ್ರೆ ತಿಂದು ಕಾಯಬೇಕು. "ಬೇರೆ ದಾರಿ ಇದ್ದಿದ್ರೆ ನಾನಿದನ್ನ ಹೇಳ್ತಿರ್ಲಿಲ್ಲಮ್ಮಾ."

ಕುಂಡದ ವಿಷಯ ಕ್ರೇನಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೇ ೫, ಭಾನುವಾರ

ಇಂದು ನನ್ನ ಹಾಳೆ ತೆಗೆದೆ. ಮಂಗಳವಾರದವರೆಗೆ ಗುರುತು ಬಿದ್ದಿದೆ. ನಾಡಿದ್ದು ಮಧ್ಯಾಹ್ನದ ಊಟದ ಜೊತೆ ಮಾತ್ರೆ ತಿಂದಿದ್ದೇನೆ.

ಬಹಳ ಹೊತ್ತು ನೋಡುತ್ತ ಕೂತೆ. ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓರೆ. ಆ ಇಂಜಿನಿಯರನ ಬಗ್ಗೆ ಬೇರೇನು ತಿಳಿದಿತ್ತು ನನಗೆ? ಅವನ ಪುಸ್ತಕ ಮಾತ್ರ. ಅವನಿಗೂ ಯಾರೋ ಪ್ರಶ್ನೆ ಚೀಟಿ ಕಳಿಸುತ್ತಿದ್ದರೇನೋ.

ತಂಗಿ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ.

ಮೇ ೮, ಬುಧವಾರ

ಪರದೆ ಎಳೆದು ಮೆಲ್ಲಗೆ ಹೇಳಿದೆ. "ನಿಜ ಹೇಳಿಬಿಡಿ. ಮಾತ್ರೆ ಸೋತಿಲ್ಲ, ನೀವು ತಿಂದೇ ಇಲ್ಲ. ತಿಂದು ನೋಡಿದ ಮೇಲೆ ಕತ್ತಿ ಎತ್ತಲಿ."

"ಆಪರೇಷನ್ ಆದ್ರೆ ಒಂದೇ ಸಲ ಮುಗಿಯುತ್ತೆ ಅಕ್ಕಾ. ಈ ಸುಣ್ಣ ತಿನ್ನೋ ಕಾಟ ತಪ್ಪುತ್ತೆ."

"ಡಾಕ್ಟರು ಹೇಳಿದ್ದು ಕೇಳಲಿಲ್ವಾ? ಆಮೇಲೆ ಈಗಿನ ಎರಡರಷ್ಟು ತಿನ್ನಬೇಕು. ಇಲ್ಲದಿದ್ರೆ ಸೆಳೆತ."

ಅದನ್ನು ಅವರು ಕೇಳಿಸಿಕೊಂಡಿರಲಿಲ್ಲ.

"ಮಗಳು ಬೆಳಿಗ್ಗೆ ಐದಕ್ಕೆ ಹೋಗ್ತಾಳೆ," ಎಂದರು. "ಹೋಗೋ ಮುಂಚೆ ತಟ್ಟೆ ಅಂಚಿನಲ್ಲಿ ಮಾತ್ರೆ ಇಟ್ಟು ಹೋಗ್ತಾಳೆ, ಅದು ವಾಪಸ್ ಬಾಟ್ಲಿಗೆ. ಸಂಜೆ ಎದುರಿಗೇ ಕೂರ್ತಾಳೆ. ಬಾಯಿಗೆ ಹಾಕ್ಕೋತೀನಿ, ಅವಳು ನೀರು ತರೋಕೆ ಹೋದಾಗ ಕರ್ಚೀಫಿಗೆ ಉಗೀತೀನಿ. ನಾಲ್ಕು ತಿಂಗಳು. ದಿನಾ ಕೇಳ್ತಾಳೆ, ತಿಂದ್ಯಾ ಅಪ್ಪಾ ಅಂತ. ತಿಂದೆ ಮಗಳೇ ಅಂತೀನಿ." ಆಮೇಲೆ: "ಕುತ್ತಿಗೆ ಕೊಯ್ಲಿ ಅಕ್ಕಾ. ಅವಳ ಮುಖ ನೋಡಿ ಇದನ್ನ ಹೇಳೋಕೆ ನನ್ನ ಕೈಲಾಗಲ್ಲ."

"ನಾನು ಹೇಳ್ತೇನೆ."

"ಹೇಳಿದ್ರೆ ನಿಮ್ಮ ಜೊತೆ ಮಾತು ಬಿಟ್ಟೆ ಅಂತ ತಿಳ್ಕೊಳ್ಳಿ."

"ಸೋಮವಾರದವರೆಗೆ ಕಾಯ್ತೇನೆ. ನೀವೇ ಹೇಳಿದ್ರೆ ಒಳ್ಳೇದು."

"ಸೇತುವೆ ಬಿದ್ದಿದ್ದಕ್ಕೆ ಇಪ್ಪತ್ತೆಂಟು ವರ್ಷ ಬೈದಿರಿ. ಇನ್ನು ನನ್ನನ್ನ ಎಷ್ಟು ವರ್ಷ ಬೈತೀರಿ?"

ನಾನು ಅವರನ್ನು ಬೈಯುವುದಿಲ್ಲ. ಹೇಗೆ ಬೈಯಲಿ.

ಮೇ ೧೦, ಶುಕ್ರವಾರ

ಅವರು ಹೇಳಲಿಲ್ಲ.

ಮೇ ೧೩, ಸೋಮವಾರ

ಪಟ್ಟಿ ಸಿಸ್ಟರ್ ಕೋಣೆ ಮೆಟ್ಟಿಲ ಕೆಳಗಿದೆ. ಒಂದು ಮೇಜು, ಫೈಲುಗಳ ಕಪಾಟು, ತೂಕದ ಯಂತ್ರ. ಇನ್ನೊಂದು ಕುರ್ಚಿಗೆ ಜಾಗವಿಲ್ಲ. ನಿಂತೇ ಹೇಳಿದೆ. ಮೊದಲ ತಿಂಗಳಿನ ನನ್ನ ಮೂರು ಅಡ್ಡಗೆರೆಗಳಿಂದ ಶುರು ಮಾಡಿ ನಾಡಿದ್ದಿನ ಗುರುತಿನ ತನಕ ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಏನು ಉತ್ತರ ಕೊಡಬೇಕೆಂದೂ ಯೋಚಿಸಿಟ್ಟಿದ್ದೆ. ಅವಳು ಕಾಗದ ತೆಗೆದು, "ಎಷ್ಟು ಜನ?" ಎಂದಳು.

"ಏಳು. ನನ್ನನ್ನೂ ಸೇರಿಸಿ ಎಂಟು."

"ಎಷ್ಟು ತಿಂಗಳು?"

"ನಾಲ್ಕು."

"ಮಾತ್ರೆ ಚೆಲ್ಲಿದ್ದು ಎಷ್ಟು ಜನ?"

"ಒಬ್ಬರದು ಖಂಡಿತ ಗೊತ್ತು. ಉಳಿದವರನ್ನು ನಾನು ಕೇಳಲಿಲ್ಲ." ಆ ಮಾತು ಹೇಳಲು ಎಲ್ಲಕ್ಕಿಂತ ಕಷ್ಟವಾಯಿತು. ಅಷ್ಟು ಜನರ ಹಾಳೆ ತುಂಬಿದ್ದೇನೆ, ಒಬ್ಬರನ್ನೂ ಕೇಳಲಿಲ್ಲ.

ಅವಳು ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದಳು. "ನನಗೆ ಅನುಮಾನ ಇತ್ತು ಮೇಡಂ. ಊಟದ ಹೊತ್ತಿಗೆ ಬರೆಯೋ ಹಾಳೆ. ಒಂದು ಎಣ್ಣೆ ಕಲೆನಾದ್ರೂ ಇರ್ಬೇಕಲ್ವಾ? ಬೇರೆ ಆಸ್ಪತ್ರೆಯವರು ಕೇಳಿದ್ರೆ, ನಮ್ಮ ಪೇಶೆಂಟ್ಸ್ ಓದಿದವರು ಅಂತ ಜಂಬ ಕೊಚ್ಕೋತಿದ್ದೆ." ಫೈಲುಗಳ ಕಪಾಟಿನ ಕಡೆ ನೋಡಿದಳು. "ಎರಡು ವರ್ಷದ ಕೆಲಸ ಇದು."

"ನಿನ್ನ ಮೇಲೆ ಬರುತ್ತಾ?"

"ಬರುತ್ತೆ." ಆಮೇಲೆ ಎದ್ದಳು. "ಅದು ಆಮೇಲಿನ ಮಾತು. ಇಪ್ಪತ್ತಕ್ಕೆ ಇನ್ನು ಏಳು ದಿನ ಇದೆ. ಬನ್ನಿ, ಡಾಕ್ಟರ್ ಒಳಗಿದ್ದಾರೆ."

ಅವಳು ಮುಂದೆ, ನಾನು ಹಿಂದೆ.

ಮೇ ೧೭, ಶುಕ್ರವಾರ

ಶಸ್ತ್ರಚಿಕಿತ್ಸೆಯನ್ನು ಎಂಟು ವಾರ ಮುಂದೂಡಿದ್ದಾರೆ. ಎಂಟು ಜನರ ನಾಲ್ಕು ತಿಂಗಳಿನ ಹಾಳೆಗಳನ್ನು ಸಂಶೋಧನೆಯಿಂದ ಕೈಬಿಟ್ಟಿದ್ದಾರೆ. ನಾನೂ ಕ್ರೇನಪ್ಪನೂ ಪೂರ್ತಿ ಹೊರಗೆ. ನ್ಯಾಯವೇ. ಪಟ್ಟಿ ಸಿಸ್ಟರನ್ನು ಮೇಲಿನವರು ಎರಡು ಸಲ ಕರೆಸಿಕೊಂಡರಂತೆ. ಅವರಿಗೆ ಒಂದು ಪತ್ರ ಬರೆದುಕೊಟ್ಟೆ: ಚೌಕ ತುಂಬಿದ ಕೈ ನನ್ನದು, ಅವಳದಲ್ಲ. ಅರ್ಧ ಪುಟ ಸಾಕಾಯಿತು.

ಕ್ರೇನಪ್ಪನಿಗೆ ಮಾತ್ರೆಯ ಬದಲು ಪುಡಿಯ ಪೊಟ್ಟಣ ಕೊಟ್ಟಿದ್ದಾರೆ, ಹೊಟ್ಟೆ ಸಲೀಸಾಗಲು ಒಂದು ಔಷಧಿಯನ್ನೂ. ಡಾಕ್ಟರು ಅವರಿಗೆ ಹೇಳಿದ್ದು ಇಷ್ಟೇ: "ಕಕ್ಕಸಾಗ್ತಿಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಫೆಬ್ರವರಿಯಲ್ಲೇ ಬದಲಾಯಿಸ್ತಿದ್ದೆನಲ್ಲಪ್ಪಾ."

ಕ್ರೇನಪ್ಪ ಬೇರೆ ಕುರ್ಚಿ ಕೇಳಿದರಂತೆ. ಖಾಲಿ ಇಲ್ಲ. ನಾಲ್ಕು ಗಂಟೆಯೂ ಮುಖ ಕಿಟಕಿಯ ಕಡೆಗಿತ್ತು. ಹೊಲಿಗೆ ಟೀಚರೂ ನನ್ನ ನಮಸ್ಕಾರಕ್ಕೆ ತಲೆಯಾಡಿಸಲಿಲ್ಲ.

ಮಗಳು ನನ್ನ ಬಳಿ ಬಂದು ನಿಂತಳು. "ಆ ಕುಂಡ ನೋಡಿ ಬಂದೆ ಆಂಟಿ," ಎಂದಳು. "ಮನೇಲಿ ಇಬ್ಬರೇ ಇರೋದು. ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅವರು?"

ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಬೇಕಾದವಳು ನಾನಲ್ಲ. "ನೀನು ಸಿಟ್ಟಾಗ್ತೀಯಾ?" ಎಂದು ಮಾತ್ರ ಕೇಳಿದೆ.

"ಅಲಾರಂ ಇಟ್ಟೆ. ಫೋನ್ ಮಾಡ್ದೆ. ದಿನಾ ತಿಂದ್ಯಾ ತಿಂದ್ಯಾ ಅಂತ ಕೇಳ್ದೆ." ಯೋಚಿಸಿದಳು. "ಹೊಟ್ಟೆ ಹೇಗಿದೆ ಅಂತ ಒಂದು ದಿನ ಕೇಳ್ಲಿಲ್ಲ ನೋಡಿ."

ಮೇ ೩೧, ಶುಕ್ರವಾರ

ಎರಡು ವಾರದಿಂದ ಊಟ ಹೀಗೆಯೇ: ಹನ್ನೆರಡೂವರೆಗೆ ಬ್ರೆಡ್ಡು, ಮೊಟ್ಟೆ ಬರುತ್ತದೆ. ಕ್ರೇನಪ್ಪನಿಗೆ ಕೈಯಿಲ್ಲ. ಯಾರಾದರೂ ಸಿಸ್ಟರ್ ಬಿಡುವಾದಾಗ ಬಂದು ತಿನ್ನಿಸಬೇಕು. ಇಂದು ಮೂಲೆಯಲ್ಲಿ ಯಾರಿಗೋ ರಕ್ತದೊತ್ತಡ ಇಳಿದು ಎಲ್ಲರೂ ಅಲ್ಲಿದ್ದರು. ಬ್ರೆಡ್ಡು ಅವರ ಎದೆಯ ಮುಂದಿನ ಹಲಗೆಯ ಮೇಲೆ ಕೂತಿತ್ತು, ಪಕ್ಕದಲ್ಲಿ ಪುಡಿಯ ಪೊಟ್ಟಣ. ಕಾಲು ಗಂಟೆ ಕಳೆಯಿತು.

"ನನಗೆ ಕೈಯಿಲ್ಲ ಅಂತ ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಲ್ಲ," ಎಂದರು ಕಿಟಕಿಗೆ.

"ಮಾತು ಬಿಟ್ಟಿದ್ದೀರಿ ಅಂದುಕೊಂಡೆ."

"ಮಾತು ಬಿಟ್ಟಿರೋದು. ಊಟ ಅಲ್ಲ."

ನನಗೂ ಇರುವುದು ಒಂದೇ ಕೈ. ಪೊಟ್ಟಣವನ್ನು ಹಲ್ಲಿನಿಂದ ಹರಿದೆ. ಅರ್ಧ ಪುಡಿ ನನ್ನ ಗಲ್ಲಕ್ಕೆ ಚೆಲ್ಲಿತು. ಉಳಿದದ್ದನ್ನು ಲೋಟಕ್ಕೆ ಸುರಿದು ಕದಡಿ, ತೋಳು ಎಷ್ಟು ಚಾಚಲು ಸಾಧ್ಯವೋ ಅಷ್ಟು ಚಾಚಿದೆ. ಅವರು ಕುತ್ತಿಗೆ ಎಷ್ಟು ಬಾಗಿಸಲು ಸಾಧ್ಯವೋ ಅಷ್ಟು ಬಾಗಿಸಿದರು. ಎರಡು ಯಂತ್ರಗಳೂ ಒಟ್ಟಿಗೆ ಕೂಗಿಕೊಂಡವು. ಒಂದು ತುತ್ತು ಬ್ರೆಡ್ಡು, ಒಂದು ಗುಟುಕು.

"ಥೂ," ಎಂದರು. "ಇದೂ ಹಾಗೇ ಇದೆ."

"ಹೊಟ್ಟೆ?"

"ಪರವಾಗಿಲ್ಲ. ಅರ್ಧ ಚೆಲ್ಲಿದ್ರಲ್ಲ, ಇನ್ನೊಂದು ಪೊಟ್ಟಣ ಬ್ಯಾಗಿನಲ್ಲಿದೆ."

ಜೂನ್ ೧೯, ಬುಧವಾರ

ಅವರ ಪ್ಲಾಸ್ಟರ್ ತೆಗೆದು ಎರಡು ವಾರವಾಯಿತು. ಕೈ ಬಿಳಿಚಿ ತೆಳ್ಳಗಾಗಿದೆ. ಲೋಟ ತಾವೇ ಹಿಡಿಯುತ್ತಾರೆ.

ಹೊಲಿಗೆ ಟೀಚರಿಗೆ ಹೊಟ್ಟೆಯುಬ್ಬರ. ಡಾಕ್ಟರಿಗೆ ಹೇಳಿದಿರಾ ಎಂದು ಕೇಳಿದೆ. ಹೇಳಿಲ್ಲವಂತೆ. ಜೊತೆಗೆ ಹೋದೆ.

ಪತ್ರಿಕೆಗೆ ಪತ್ರ ಬರೆದು ಎರಡು ತಿಂಗಳಾಯಿತು ಎಂದು ತಂಗಿ ಹೇಳುತ್ತಾಳೆ. ಅಷ್ಟೆಲ್ಲ ಇರಲಿಕ್ಕಿಲ್ಲ. ಕೆಂಪು ಪೆನ್ನು ಎಲ್ಲಿಟ್ಟೆನೋ ಸಿಗುತ್ತಿಲ್ಲ, ಅದಕ್ಕಿರಬೇಕು.

ಜುಲೈ ೫, ಶುಕ್ರವಾರ

ಕ್ರೇನಪ್ಪನ ರಕ್ತದ ವರದಿ ಬಂತು. ಏಳುನೂರ ಅರವತ್ತು. ಆರುನೂರಕ್ಕೆ ಇನ್ನೂ ಇಳಿದಿಲ್ಲ. ಆದರೆ ಇಳಿಯುತ್ತಿದೆ. ದೊಡ್ಡ ಡಾಕ್ಟರು ಎರಡು ಸಲ ನೋಡಿ, ಶಸ್ತ್ರಚಿಕಿತ್ಸೆ ಬೇಡ, ಮೂರು ತಿಂಗಳು ಹೀಗೇ ನಡೆಯಲಿ ಎಂದರು. ಪಟ್ಟಿ ಸಿಸ್ಟರ್ ಅವರ ಹಿಂದೆಯೇ ನಿಂತಿದ್ದಳು. ಅವಳನ್ನು ಕೆಲಸದಲ್ಲಿ ಉಳಿಸಿಕೊಂಡಿದ್ದಾರೆ. ಈಗ ಚೌಕದ ಹಾಳೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾಳೆ: ‘ತಿನ್ನಲು ಏನು ತೊಂದರೆ?’

ಕ್ರೇನಪ್ಪ ಡಾಕ್ಟರಿಗೆ ಕೈ ಮುಗಿದರು.

ಮೂರು ಗಂಟೆಗೆ ಮಗಳು ಕರೆದೊಯ್ಯಲು ಬಂದಳು. ವಿಷಯ ಕೇಳಿ ಗೋಡೆಗೆ ಒರಗಿ ನಿಂತಳು. ಆಮೇಲೆ ತಂದೆಯ ತೋಳಿನ ಹತ್ತಿ ಸರಿಯಾಗಿದೆಯೇ ಎಂದು ನೋಡಿ, ಚಪ್ಪಲಿ ಮುಂದಿಟ್ಟು, ಕೈಹಿಡಿದು ಎಬ್ಬಿಸಿದಳು. ಬಾಗಿಲವರೆಗೆ ಹೋದವರು ನಿಂತರು. ಆ ಮನುಷ್ಯನಿಗೆ ಪಿಸುಮಾತು ಬರುವುದಿಲ್ಲ, ಇಡೀ ವಾರ್ಡಿಗೆ ಕೇಳಿಸಿತು.

"ಇವತ್ತು ಬೆಳಿಗ್ಗೆಯದು ತಿಂದಿಲ್ಲ ಕಣೇ. ಮರೆತುಬಿಟ್ಟೆ."

"ಆಯ್ತಪ್ಪಾ," ಎಂದಳು ಮಗಳು. "ನಡಿ."

ನಾನೂ ಬೆಳಿಗ್ಗೆಯದು ಮರೆತಿದ್ದೆ. ಮನೆಗೆ ಬಂದು ತಂಗಿಗೆ ಹೇಳಿದೆ.